ಮೂವತ್ತೊಂಬತ್ತು ಕಿಲೋ ಸೈನ್ಯ

ಹನ್ನೊಂದು ವರ್ಷ ನಮ್ಮೂರಿನ ಇಡೀ ಸೈನ್ಯ ಅಂದರೆ ನನ್ನ ಹೆಂಡತಿ ದೇವೀರಮ್ಮ. ಬೇರೆ ಯಾರೂ ಇರಲಿಲ್ಲ. ದಂಡನಾಯಕಿಯೂ ಅವಳೇ, ಕಾಲಾಳೂ ಅವಳೇ. ಬೆಳಿಗ್ಗೆ ಎದ್ದು ಸೈನ್ಯ ಬಾಗಿಲಿಗೆ ನೀರು ಹಾಕುತ್ತಿತ್ತು. ಸೈನ್ಯಕ್ಕೆ ಶೀತವಾದರೆ ಊರಿಗೆ ಊರೇ ಕಷಾಯ ಹಿಡಿದುಕೊಂಡು ಬರುತ್ತಿತ್ತು. ನಮ್ಮ ಸೈನ್ಯದಷ್ಟು ಶಿಸ್ತಿನ ಸೈನ್ಯ ಇನ್ನೊಂದಿಲ್ಲ ಎಂದು ಊರ ಯಜಮಾನರಾದ ಕಾಳೇಗೌಡರು ಬಂದವರಿಗೆಲ್ಲ ಹೇಳುತ್ತಿದ್ದರು. ನಿಜವೇ. ಒಬ್ಬಳೇ ನಿಂತರೆ ಸಾಲು ಸೊಟ್ಟಗಾಗುವುದಾದರೂ ಹೇಗೆ? ನಾನು ಆ ಸೈನ್ಯದ ದರ್ಜಿ, ಹೆಸರು ಮುದ್ದಯ್ಯ. ವರ್ಷಕ್ಕೆ ಒಂದು ಸಮವಸ್ತ್ರ ಹೊಲಿಯುತ್ತಿದ್ದೆ. ಉಳಿದ ದಿನವೆಲ್ಲ ಲಂಗ, ರವಿಕೆ, ದಿಂಬಿನ ಚೀಲ.

ನನ್ನ ಅಜ್ಜನ ಕಾಲದಲ್ಲಿ ಹೀಗಿರಲಿಲ್ಲ. ಊರ ಮುಂದಿನ ದಿಬ್ಬದ ಮೇಲೆ ಒಂದು ದೊಡ್ಡ ತಕ್ಕಡಿ ಇದೆ. ಅದರ ಒಂದು ತಟ್ಟೆಯಲ್ಲಿ ಕರಿ ಬಂಡೆ ಕೂತಿದೆ. ಇನ್ನೊಂದು ತಟ್ಟೆ ಸೈನ್ಯದ್ದು. ಕೆರೆಯ ಆಚೆ ದಡದ ಊರಿನಲ್ಲೂ ಅಂಥದೇ ತಕ್ಕಡಿ, ಅಷ್ಟೇ ತೂಕದ ಬಂಡೆ. ಕೆರೆಯ ನೀರಿಗಾಗಿ ವರ್ಷಕ್ಕೊಮ್ಮೆ ಎರಡೂ ಊರಿಗೆ ಯುದ್ಧ. ಯುದ್ಧಕ್ಕೆ ಹತ್ತು ದಿನ ಮುಂಚೆ ತೂಕದ ದಿನ. ಅವತ್ತು ಸೈನ್ಯ ತನ್ನ ಆಯುಧ, ಬಟ್ಟೆಬರೆ ಸಮೇತ ತಟ್ಟೆ ಹತ್ತಬೇಕು, ಮುಳ್ಳು ನೇರ ನಿಲ್ಲಬೇಕು. ಹೆಚ್ಚಾದರೂ ಸಲ್ಲದು, ಕಡಿಮೆಯಾದರೂ ಸಲ್ಲದು. ತೂಕ ತಪ್ಪಿದ ಊರಿಗೆ ಆ ವರ್ಷ ಒಂದು ಬಿಂದಿಗೆ ನೀರೂ ಇಲ್ಲ. ಕಲ್ಲುಮಣ್ಣು ತುಂಬಿ ಸರಿದೂಗಿಸೋಣ ಅಂದರೆ ಅದಕ್ಕೂ ದಾರಿಯಿಲ್ಲ, ತಟ್ಟೆ ಹತ್ತಿದ್ದೆಲ್ಲ ಯುದ್ಧದ ಬಯಲಿಗೆ ಹೋಗಬೇಕು, ಅಲ್ಲಿ ಕೆಲಸಕ್ಕೂ ಬರಬೇಕು. ಇಪ್ಪತ್ತು ತುಂಬದವರು ಹತ್ತುವಂತಿಲ್ಲ. ಒಂದು ಹಿಡಿ ಅಕ್ಕಿ ಹೆಚ್ಚಾದರೂ ಆ ತಕ್ಕಡಿಗೆ ತಿಳಿಯುತ್ತದೆ.

ಕತ್ತಿ ದೊಣ್ಣೆಗಳ ಕಾಲದಲ್ಲಿ ಅಜ್ಜ ನೂರ ಹದಿನೆಂಟು ಸಮವಸ್ತ್ರ ಹೊಲಿಯುತ್ತಿದ್ದನಂತೆ. ಬಂದೂಕು ಬಂತು, ಅದರ ಭಾರಕ್ಕೆ ಹದಿನೆಂಟು ಜನ ಇಳಿದರು. ಅಪ್ಪನ ಕಾಲಕ್ಕೆ ಫಿರಂಗಿ ಬಂತು, ಒಂದೇ ಏಟಿಗೆ ಅರವತ್ತು ಜನ ಇಳಿದರು. ಆಮೇಲೆ ಬಂದದ್ದು ದೊಡ್ಡಗಾಡಿ. ಸುತ್ತ ಕಬ್ಬಿಣದ ತಗಡು, ಮೇಲೆ ಕೊಳವೆ, ಒಳಗೆ ಗುಂಡು ಹಾರಿಸುವ ಒಂದು ಸನ್ನೆಕೋಲು. ಮೊದಲು ಒಂಬತ್ತು ಜನ ಅದರೊಂದಿಗೆ ಹೋಗುತ್ತಿದ್ದರು. ನಮ್ಮೂರ ಕಮ್ಮಾರ ವೀರಾಚಾರಿ ವರ್ಷ ವರ್ಷವೂ ಒಂದೊಂದು ತಗಡು ಸೇರಿಸುತ್ತಾ ಹೋದ, ಒಂಬತ್ತು ಹೋಗಿ ಆರಾಯಿತು, ಆರು ಹೋಗಿ ಮೂರಾಯಿತು, ಕೊನೆಗೆ ಒಂದು. ಹೊಸ ಆಯುಧ ಬಂದಾಗಲೆಲ್ಲ ಒಂದಿಷ್ಟು ಜನ ತಟ್ಟೆಯಿಂದ ಇಳಿದು ಮನೆಗೆ ಹೋಗಿ ಉಂಡು ಮಲಗಿದರು. ನಮ್ಮೂರಲ್ಲಿ ಇದಕ್ಕೆ ಪ್ರಗತಿ ಅನ್ನುತ್ತಾರೆ. ಅಜ್ಜನ ಕಾಲದಲ್ಲಿ ವರ್ಷಕ್ಕೆ ಹತ್ತು ಹನ್ನೆರಡು ಜನ ಸಾಯುತ್ತಿದ್ದರು. ಈಗ ಹಾಗಿಲ್ಲ. ಒಂದೋ ಯಾರೂ ಸಾಯುವುದಿಲ್ಲ, ಇಲ್ಲವೇ ಸೈನ್ಯ ಪೂರ್ತಿ ಸಾಯುತ್ತದೆ.

ಆ ಒಬ್ಬರು ಯಾರು ಅನ್ನುವುದನ್ನು ತಕ್ಕಡಿಯೇ ಹೇಳಿತು. ದೊಡ್ಡಗಾಡಿ ಹತ್ತಿದ ಮೇಲೆ ಉಳಿದದ್ದು ಮೂವತ್ತೊಂಬತ್ತು ಕಿಲೋ. ಊರವರನ್ನೆಲ್ಲ ಸಾಲಾಗಿ ನಿಲ್ಲಿಸಿ ತೂಗುತ್ತಾರೆಂದು ಗೊತ್ತಾದದ್ದೇ ತಡ, ಒಂದು ತಿಂಗಳು ಊರಲ್ಲಿ ಬೆಲ್ಲ ತುಪ್ಪ ಸಿಗದಂತಾಯಿತು. ಸಣಕಲರೆಲ್ಲ ಮೂರು ಹೊತ್ತೂ ಕಜ್ಜಾಯ ತಿಂದು ದಪ್ಪಗಾದರು. ನಾನೂ ಎರಡು ಸೇರು ತುಪ್ಪ ತಂದಿಟ್ಟೆ. ಆದರೆ ಆ ತಿಂಗಳೇ ದೇವೀರಮ್ಮನಿಗೆ ಜ್ವರ ಹಿಡಿದು, ತುಪ್ಪದ ವಾಸನೆಗೇ ವಾಕರಿಸುತ್ತಿದ್ದಳು. ತೂಗಿದಾಗ ನಲವತ್ತೊಂದು ಬಂತು. ಊರಲ್ಲಿ ಅದೇ ಕಡಿಮೆ.

"ಎರಡು ಕಿಲೋ ತಾನೆ, ಇಳಿಸಬಹುದು" ಅಂದರು ಕಾಳೇಗೌಡರು. ನಮಗೆ ಮದುವೆಯಾಗಿ ಆಗ ಎರಡು ವರ್ಷ.

ಇಳಿಸುವ ಕೆಲಸ ನನ್ನ ಪಾಲಿಗೇ ಬಂತು. ಅಳತೆ ಬಲ್ಲವನು ನಾನೇ ಅಲ್ಲವೇ. ಪ್ರತಿ ಸೋಮವಾರ ಟೇಪು ಹಿಡಿದು ಸೈನ್ಯದ ಸೊಂಟ ನೋಡುತ್ತಿದ್ದೆ. ಇಪ್ಪತ್ತೆರಡು ಇಂಚು ದಾಟಿದರೆ ಮಂಗಳವಾರ ಬರೀ ಮಜ್ಜಿಗೆ. ಸಮವಸ್ತ್ರವನ್ನು ತೆಳು ಬಟ್ಟೆಯಲ್ಲಿ ಹೊಲಿದೆ, ಹಿತ್ತಾಳೆ ಗುಂಡಿ ಕಿತ್ತು ದಾರ ಕಟ್ಟಿದೆ, ಜೇಬು ತೆಗೆದುಹಾಕಿದೆ. ಹಾಗೆ ಉಳಿದದ್ದು ಎಷ್ಟೋ ಅಷ್ಟು ಅನ್ನ ಅವಳಿಗೆ ಹೆಚ್ಚಿಗೆ ಸಿಗಲಿ ಅಂತ. ಮಧ್ಯಾಹ್ನಕ್ಕೆ ಅರ್ಧ ಮುದ್ದೆ. ಕೈಯಲ್ಲಿ ಮುರಿದರೆ ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಆಗುತ್ತದೆಂದು ಹೊಲಿಗೆಯ ದಾರವನ್ನು ತೊಳೆದು ಮುದ್ದೆಯ ಮೇಲಿಟ್ಟು ಎಳೆಯುತ್ತಿದ್ದೆ. ನೇರ ಎರಡು ಪಾಲು. ಉಪ್ಪಿನಕಾಯಿ ಜಾಡಿಯ ಕಡೆ ಅವಳ ಕೈ ಹೋದರೆ, "ಉಪ್ಪಿನಕಾಯಿ ಬೇಡ ದೇವೀರಿ, ನೀರು ಕುಡಿಸುತ್ತೆ" ಅನ್ನುತ್ತಿದ್ದೆ. ಉಳಿದರ್ಧ ಮುದ್ದೆ ನನ್ನದು. ಮೊದಮೊದಲು ಹಿತ್ತಲಿಗೆ ಹೋಗಿ ತಿನ್ನುತ್ತಿದ್ದೆ. ಒಂದು ದಿನ ಕಂಡುಹಿಡಿದು ಸಿಟ್ಟಾದಳು.

"ಕಳ್ಳನ ಥರ ಯಾಕ್ ತಿಂತೀರ? ನನ್ನ ಎದುರಿಗೇ ತಿನ್ನಿ. ಯಾರಾದ್ರೂ ಒಬ್ರು ತಿಂತಿದಾರೆ ಅಂತಾದ್ರೂ ಗೊತ್ತಾಗ್ಲಿ."

ಅವತ್ತಿನಿಂದ ಅವಳೆದುರೇ ತಿಂದೆ. ಹನ್ನೊಂದು ವರ್ಷ. ಆ ಹನ್ನೊಂದು ವರ್ಷವೂ ಸೈನ್ಯ ಬಸಿರಾಗುವಂತಿರಲಿಲ್ಲ, ಅದನ್ನೂ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ನಾವೇ ಅರ್ಥ ಮಾಡಿಕೊಂಡೆವು. ದಪ್ಪ ಹೊಟ್ಟೆಯವರು ಬಟ್ಟೆ ಹೊಲಿಸಲು ಬಂದರೆ ಅಳತೆ ತೆಗೆದುಕೊಳ್ಳುವಾಗ ಟೇಪನ್ನು ಬೇಕೆಂದೇ ಬಿಗಿಯಾಗಿ ಎಳೆಯುತ್ತಿದ್ದೆ.

ಬೇರೆ ವರ್ಷಗಳಲ್ಲಿ ಎರಡೂ ಕಡೆಯ ಗುಂಡು ಗುರಿ ತಪ್ಪಿ ನೀರು ಸಮಪಾಲಾಗುತ್ತಿತ್ತು, ನಾಲ್ಕನೆಯ ವರ್ಷದ ಯುದ್ಧದಲ್ಲಿ ಮಾತ್ರ ನಾವು ಗೆದ್ದೆವು. ಅಂದರೆ, ಬಯಲಿನ ನಡುವೆ ಎರಡು ಗಾಡಿ ಎದುರುಬದುರಾಗಿ ನಿಂತವು, ದೇವೀರಮ್ಮ ಮೊದಲು ಸನ್ನೆಕೋಲು ಎಳೆದಳು, ಆಚೆ ಊರಿನ ಗಾಡಿಯಿಂದ ಹೊಗೆ ಬಂತು. ಅದರೊಳಗೆ ಇದ್ದವನು ಹೂ ಕಟ್ಟಿ ಮಾರುತ್ತಿದ್ದ ಒಬ್ಬ ಕುಳ್ಳ ಮನುಷ್ಯ. ಊರವರು ದೇವೀರಮ್ಮನಿಗೆ ಹಾರ ಹಾಕಿ ಕರೆತಂದರು. ಅವತ್ತಿನಿಂದ ಅವಳಿಗೆ ಎಡಗಿವಿ ಕೇಳಿಸುವುದಿಲ್ಲ. ಮನೆಗೆ ಬಂದು ಅರ್ಧ ಮುದ್ದೆಯ ಮುಂದೆ ಕೂತವಳು ಅದನ್ನೂ ಮುಟ್ಟಲಿಲ್ಲ.

"ರೀ, ಅವನಿಗೂ ಮನೇಲಿ ಹೀಗೇ ಅರ್ಧ ಹಾಕ್ತಿದ್ರೇನೋ" ಅಂದಳು.

ಮರುದಿನವೇ ಹೋಗಿ ವೀರಾಚಾರಿಯ ಕುಲುಮೆಯ ಮುಂದೆ ಕೂತೆ.

"ಆಚಾರ್ರೇ, ತಗಡು ಸೇರಿಸಿದ್ದು ಸಾಕು. ಹಗುರವಾಗಿರೋದು ಏನಾದ್ರೂ ಮಾಡಿ. ಒಳಗೆ ಯಾರೂ ಕೂತ್ಕೋಬೇಕಾಗಿಲ್ಲ, ಅಂಥಾದ್ದು."

"ಹಗುರ ಅಂದ್ರೆ ಎಷ್ಟು ಹಗುರ?"

"ಸುಣ್ಣದ ಡಬ್ಬಿಯಷ್ಟು" ಅಂದೆ, ಅವನ ಮುಂದೆ ಸುಣ್ಣದ ಡಬ್ಬಿ ಇತ್ತು, ಅದಕ್ಕೇ.

ಏಳು ವರ್ಷ ಅವನ ಬೆನ್ನು ಬಿಡಲಿಲ್ಲ. ಏಳನೆಯ ವರ್ಷ ಅವನು ನಿಜಕ್ಕೂ ಅಷ್ಟೇ ಗಾತ್ರದ ಒಂದು ಡಬ್ಬಿ ಮಾಡಿಕೊಂಡು ಬಂದ. ಕಾಳೇಗೌಡರ ಜಗಲಿಯಲ್ಲಿ ಊರು ಸೇರಿತು. ಗೌಡರು ಡಬ್ಬಿಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು.

"ಇದರ ಗುಂಡಿ ಒತ್ತಿದ್ರೆ, ಎದುರಿಗೆ ಬಯಲಲ್ಲಿ ನಿಂತಿರೋರು ಹಾಗೇ ಮಲಗಿಬಿಡ್ತಾರೆ" ಅಂದ ವೀರಾಚಾರಿ.

"ಆಮೇಲೆ ಏಳಲ್ವ?"

"ಏಳಲ್ಲ."

"ಒಬ್ರಿದ್ರೆ ಸರಿ. ನೂರು ಜನ ಇದ್ರೆ?"

"ಅದಕ್ಕೆ ಒಬ್ರೂ ಒಂದೇ, ನೂರೂ ಒಂದೇ, ಗೌಡ್ರೇ."

ಎಲ್ಲರಿಗೂ ಬಹಳ ಸಂತೋಷವಾಯಿತು. ಇನ್ನು ಸೈನ್ಯವೇ ಬೇಡ, ಬೇಲಿ ಮೇಲೆ ಡಬ್ಬಿ ಇಟ್ಟು ಬಂದರಾಯಿತು ಎಂದು ಮಾತಾಡಿಕೊಂಡರು. ದೊಡ್ಡಗಾಡಿಯನ್ನು ಕೊಟ್ಟಿಗೆಗೆ ತಳ್ಳಿದರು. ನಾನು ಮನೆಗೆ ಓಡಿಬಂದು ಉಪ್ಪಿನಕಾಯಿ ಜಾಡಿಯನ್ನೇ ಎತ್ತಿ ದೇವೀರಮ್ಮನ ಮುಂದಿಟ್ಟೆ. ಅವಳು ಅದರ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ನಿಜವಾಗ್ಲೂನಾ?"

"ಪೂರ್ತಿ ಮುದ್ದೆ ಹಾಕ್ಕೋ" ಅಂದೆ.

ಮೂರು ಮುದ್ದೆ ಉಂಡಳು. ಮಧ್ಯೆ ಒಂದು ಸಲ ನಿಲ್ಲಿಸಿ ಅತ್ತಳು, ಮತ್ತೆ ಉಂಡಳು. ನನ್ನ ಜೀವಮಾನದಲ್ಲಿ ಅಷ್ಟು ಸುಖವಾದ ಮಧ್ಯಾಹ್ನ ಇನ್ನೊಂದಿಲ್ಲ.

ಮಾರನೆಯ ದಿನ ಬೆಳಿಗ್ಗೆ, ಒಂದು ಸಲ ತೂಗಿ ನೋಡೋಣ ಎಂದು ಡಬ್ಬಿಯನ್ನು ತಟ್ಟೆಯ ಮೇಲಿಟ್ಟರು. ತಟ್ಟೆ ಆಕಾಶದಲ್ಲೇ ಇತ್ತು. ಗೌಡರು ಬಂಡೆಯ ಕಡೆ ನೋಡಿದರು. ಅದನ್ನು ಅಷ್ಟು ವರ್ಷಗಳಿಂದ ಯಾರೂ ಸರಿಯಾಗಿ ನೋಡಿರಲಿಲ್ಲ. ಮೂರು ತಲೆಮಾರಿನಿಂದ ತಟ್ಟೆಯಿಂದ ಯಾರು ಇಳಿಯಬೇಕು ಅನ್ನುವುದೊಂದೇ ನಮ್ಮ ಪ್ರಶ್ನೆ. ಯಾರಾದರೂ ಹತ್ತಬೇಕಾದೀತು ಅನ್ನುವುದು ವೀರಾಚಾರಿಗೂ ಹೊಳೆದಿರಲಿಲ್ಲ, ಹಗುರ ಮಾಡು ಎಂದು ಏಳು ವರ್ಷ ಪ್ರಾಣ ತಿಂದ ನನಗೂ ಹೊಳೆದಿರಲಿಲ್ಲ.

"ಒಬ್ಬೊಬ್ರಾಗಿ ಹತ್ತಿ ನೋಡಿ" ಅಂದರು ಗೌಡರು, ಸಣ್ಣ ದನಿಯಲ್ಲಿ.

ಹತ್ತಿದರು. ಇಪ್ಪತ್ತು ಜನ ಹತ್ತಿದರೂ ತಟ್ಟೆ ಅಲುಗಲಿಲ್ಲ. ಅರವತ್ತಕ್ಕೆ ಒಂದಿಷ್ಟು ಇಳಿಯಿತು. ನೂರಕ್ಕೆ ಬರುವಷ್ಟರಲ್ಲಿ ಹೆಂಗಸರು, ಹಲ್ಲಿಲ್ಲದ ಮುದುಕರು, ಕುಂಟರು ಎಲ್ಲ ಹತ್ತಿಯಾಗಿತ್ತು. ವೀರಾಚಾರಿ ಹತ್ತಿದ, ನಾನು ಹತ್ತಿದೆ, ದೇವೀರಮ್ಮ ಹತ್ತಿದಳು. ಕೊನೆಗೆ ಗೌಡರು ತಮ್ಮ ಮಗ ಸೊಸೆಯನ್ನು ಕರೆದುಕೊಂಡು ಹತ್ತಿದ ಮೇಲೆ ಮುಳ್ಳು ನೇರವಾಯಿತು. ನೂರ ಮೂವತ್ತನಾಲ್ಕು ಜನ. ಇಪ್ಪತ್ತು ತುಂಬಿದವರು ಊರಲ್ಲಿ ಅಷ್ಟೇ ಇದ್ದದ್ದು. ಅತ್ಯಂತ ಹಗುರವಾದ ಆಯುಧ ನಮ್ಮೂರಿನ ಅತ್ಯಂತ ದೊಡ್ಡ ಸೈನ್ಯವನ್ನು ಕಟ್ಟಿತ್ತು.

ಆಗಲೇ ಗಾಡಿಯನ್ನು ವಾಪಸು ತರಬಹುದಿತ್ತು. ಆದರೆ ಗೌಡರಿಗೆ ಡಬ್ಬಿಯ ಮೇಲೆ ಆಸೆ ಹುಟ್ಟಿಬಿಟ್ಟಿತ್ತು. "ಗುಂಡಿ ಒತ್ತೋರು ಒಬ್ರು. ಉಳಿದೋರು ಸುಮ್ನೆ ಹೋಗಿ ನಿಂತ್ಕೊಂಡು ಬರೋದು. ಬಿಸಿಲಿಗೆ ತಲೆಗೊಂದು ಬಟ್ಟೆ ಇದ್ರಾಯ್ತು. ಆಚೆಯವರ ಹತ್ರ ಇಂಥಾದ್ದು ಎಲ್ಲಿದೆ?" ಅಂದರು. ಹೌದಲ್ಲ ಅನ್ನಿಸಿತು ಎಲ್ಲರಿಗೂ. ಅನುಭವ ಇರುವವಳು ಒಬ್ಬಳೇ ಎಂದು ದೇವೀರಮ್ಮನನ್ನು ದಂಡನಾಯಕಿಯನ್ನಾಗಿ ಉಳಿಸಿಕೊಂಡರು. ಆದರೆ ನೂರ ಮೂವತ್ತನಾಲ್ಕರಲ್ಲಿ ಒಬ್ಬಳು ದಪ್ಪಗಾದರೆ ಇನ್ನೊಬ್ಬರು ತೆಳ್ಳಗಾದರೆ ಆಯಿತು, ಅವಳ ಊಟದ ಮೇಲೆ ಯಾರ ಕಣ್ಣೂ ಇರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಇಷ್ಟು ಜನಕ್ಕೂ ಸಮವಸ್ತ್ರ ಹೊಲಿಯುವವನು ನಾನೊಬ್ಬನೇ. ಏಳು ತಿಂಗಳಿತ್ತು. ಬೆಳಕು ಹರಿಯುವ ಮೊದಲೇ ಯಂತ್ರದ ಮುಂದೆ ಕೂತರೆ ಊಟಕ್ಕೆ ಏಳಲೂ ಪುರುಸೊತ್ತಿರಲಿಲ್ಲ. ಗುಂಡಿಗಳಿಗೆ ಕಾಜಾ ಮಾಡಿ ಮಾಡಿ ಬೆರಳು ಸವೆಯಿತು. "ಹೊಲಿಗೆ ಕೆಲಸ ಹೆಚ್ಚಲಿ ಅಂತಾನೇ ಮುದ್ದಯ್ಯ ಈ ಡಬ್ಬಿ ಮಾಡಿಸಿದ್ದು" ಎಂದು ಬೀದಿಯಲ್ಲಿ ಆಡಿಕೊಂಡರು. ಆಡಿಕೊಳ್ಳಲಿ ಅಂದುಕೊಂಡೆ. ನನ್ನ ಚಡ್ಡಿ ಸೊಂಟದಿಂದ ಜಾರತೊಡಗಿತು, ದಾರ ಬಿಗಿದೆ. ದೇವೀರಮ್ಮನ ರವಿಕೆ ಬಿಗಿಯಾಯಿತು, ಹೊಲಿಗೆ ಬಿಚ್ಚಿ ಬಿಟ್ಟುಕೊಟ್ಟೆ. ಮೂರು ಸಲ ಬಿಟ್ಟುಕೊಟ್ಟೆ. ಇಪ್ಪತ್ತೆರಡು ಇಂಚಿನ ಸೊಂಟ ಇಪ್ಪತ್ತೆಂಟಾದಾಗ ಆ ಟೇಪನ್ನು ಕಣ್ಣಿಗೊತ್ತಿಕೊಂಡೆ. ಅವಳ ಕೆನ್ನೆ ತುಂಬಿತು. ನಡೆಯುವಾಗ ಗೋಡೆ ಹಿಡಿಯುವುದನ್ನು ಬಿಟ್ಟಳು. ಒಂದು ದಿನ ಬಾವಿಕಟ್ಟೆಯಲ್ಲಿ ಯಾರೊಂದಿಗೋ ಜಗಳವಾಡುತ್ತಿದ್ದಳು, ಅಷ್ಟು ಜೋರು ದನಿ ಅವಳಿಗಿದೆ ಎಂದು ನನಗೇ ಗೊತ್ತಿರಲಿಲ್ಲ.

"ನೀವೂ ಒಂಚೂರು ತಿನ್ನಿ. ಗಾಳಿಗೆ ಹಾರಿಹೋಗ್ತೀರ" ಅನ್ನುತ್ತಿದ್ದಳು. ನಾಳೆಯಿಂದ ಅನ್ನುತ್ತಿದ್ದೆ.

ತೂಕದ ದಿನ ಬಂತು. ನೂರ ಮೂವತ್ತನಾಲ್ಕು ಹೊಸ ಸಮವಸ್ತ್ರಗಳು ತಟ್ಟೆಯ ಮೇಲೆ ಮೈಗೆ ಮೈ ತಾಗಿಸಿ ನಿಂತಿದ್ದವು. ಈ ಸಲ ಜೇಬು ಇಟ್ಟಿದ್ದೆ, ಎಲ್ಲರೂ ಅದರೊಳಗೆ ಕೈ ಇಟ್ಟುಕೊಂಡಿದ್ದರು. ತಿಂಗಳೆಲ್ಲ ಕೂಡಿ ಕಳೆದು ನೋಡಿಕೊಂಡಿದ್ದರಿಂದ ಮುಳ್ಳು ನೇರವಾಗಿಯೇ ಇತ್ತು. ವಾಡಿಕೆಯಂತೆ ಆಚೆ ಊರಿನ ಇಬ್ಬರು ಹಿರಿಯರು ಮುಳ್ಳು ನೋಡಲು ಬಂದಿದ್ದರು. ಅವರಲ್ಲಿ ವಯಸ್ಸಾದವರು ತಟ್ಟೆಯನ್ನೆಲ್ಲ ಒಂದು ಸಲ ನೋಡಿ, "ನಿಮ್ಮಲ್ಲೂ ಡಬ್ಬಿ ಬಂತಾ?" ಅಂದರು.

ಜೇಬಿನೊಳಗಿದ್ದ ಕೈಗಳೆಲ್ಲ ಹೊರಗೆ ಬಂದವು.

"ನಿಮ್ಮಲ್ಲೂ ಅಂದ್ರೆ?" ಅಂದರು ಗೌಡರು.

"ನಮ್ಮಲ್ಲೂ ಬಂದಿದೆ. ನಮ್ಮವರು ನೂರ ನಲವತ್ತು ಆಗ್ತಾರೆ. ನಮ್ಮವರು ಸ್ವಲ್ಪ ಸಣ್ಣ ಮೈಯವರು."

ತಟ್ಟೆಯ ಮೇಲೆ ಸಣ್ಣ ನಡುಕ ಹುಟ್ಟಿತು, ಮುಳ್ಳು ಆ ಕಡೆ ಈ ಕಡೆ ಆಡಿತು. ಡಬ್ಬಿಗೆ ಒಬ್ಬರೂ ಒಂದೇ ನೂರೂ ಒಂದೇ ಎಂದು ವೀರಾಚಾರಿ ಹೇಳಿದ್ದು ಎಲ್ಲರಿಗೂ ಒಟ್ಟಿಗೇ ನೆನಪಾಗಿರಬೇಕು. ಗೌಡರು ತಮ್ಮ ಸೊಸೆಯ ಮುಖ ನೋಡಿದರು. ಹನ್ನೊಂದು ವರ್ಷ ನನ್ನ ಹೆಂಡತಿ ಒಬ್ಬಳೇ ಆ ತಟ್ಟೆ ಹತ್ತುವಾಗ ಕೆಳಗೆ ನಿಂತು ಕೈತಟ್ಟುತ್ತಿದ್ದವರು, ಮೇಲೆ ನಿಂತರೆ ಹೇಗಿರುತ್ತದೆ ಎಂದು ಅವತ್ತು ತಿಳಿದುಕೊಂಡರು. ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

"ಹಳೇ ಗಾಡೀನೇ ಚೆನ್ನಾಗಿತ್ತು" ಅಂದರು ಗೌಡರು.

"ನಾವೂ ಅದನ್ನೇ ಹೇಳೋಣ ಅಂತಿದ್ವಿ. ಡಬ್ಬಿಗಳನ್ನ ಕೆರೆಗೆ ಹಾಕಿಬಿಡೋಣ" ಅಂದರು ಆಚೆಯ ಹಿರಿಯರು. ಅವರ ಮಕ್ಕಳೂ ಅವರ ತಟ್ಟೆಯ ಮೇಲೆ ನಿಂತಿದ್ದರು. ಎರಡೂ ಊರು ಅಷ್ಟು ಬೇಗ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಯುದ್ಧವನ್ನೇ ಬಿಟ್ಟರೆ ಹೇಗೆ ಅನ್ನುವುದು ಮಾತ್ರ ಅಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಈಗ ಬರೆಯುವಾಗ ಹೊಳೆಯುತ್ತಿದೆ.

ಕ್ಷಣದಲ್ಲಿ ತಟ್ಟೆ ಖಾಲಿಯಾಯಿತು. ಕೊಟ್ಟಿಗೆಯಿಂದ ದೊಡ್ಡಗಾಡಿ ಎಳೆದು ತಂದು ಹತ್ತಿಸಿದರು. ಎಲ್ಲರೂ ದೇವೀರಮ್ಮನ ಕಡೆ ತಿರುಗಿದರು. ಅವಳು ಹತ್ತಿದಳು. ತಟ್ಟೆ ದಡ್ಡನೆ ಕೆಳಗೆ ಬಂತು.

ಪಕ್ಕದ ಅಂಗಡಿಯ ತಕ್ಕಡಿ ತಂದು ಅವಳನ್ನು ತೂಗಿದರು. ಐವತ್ಮೂರು ಕಿಲೋ.

"ಏನಯ್ಯಾ ಮುದ್ದಯ್ಯ, ಸೈನ್ಯಾನ ಹೀಗಾ ಬೆಳೆಸೋದು?" ಅಂದರು ಗೌಡರು. ಜನ ನನ್ನನ್ನು ಕಳ್ಳನನ್ನು ನೋಡಿದ ಹಾಗೆ ನೋಡಿದರು. ಊರಿನ ಸಣಕಲರೆಂದು ಹೆಸರಾದ ಮೂವರನ್ನು ಹತ್ತಿಸಿ ನೋಡಿದರು, ಹನ್ನೊಂದು ವರ್ಷದ ನೆಮ್ಮದಿ ಅವರ ಹೊಟ್ಟೆಯ ಮೇಲೇ ಕೂತಿತ್ತು. ಸಂಜೆಯೊಳಗೆ ಮುಳ್ಳು ನೇರ ನಿಲ್ಲದಿದ್ದರೆ ನೀರು ಹೋಗುತ್ತಿತ್ತು. ಆಚೆಯ ಹಿರಿಯರು ದೊಡ್ಡ ಮನಸ್ಸು ಮಾಡಿದರು, ಸೈನಿಕ ಯಾರು ಅನ್ನುವುದನ್ನು ಇವತ್ತು ಹೇಳಿ, ಹೆಚ್ಚಿರುವ ತೂಕವನ್ನು ಹತ್ತು ದಿನದಲ್ಲಿ ಇಳಿಸಿ ಅಂದರು.

"ಹಾಗಾದ್ರೆ ದೇವೀರಮ್ಮನೇ" ಅಂದರು ಗೌಡರು. "ಕೆಲಸ ಬಲ್ಲೋಳು. ಹತ್ತು ದಿನ ಕೋಣೇಲಿ ಹಾಕಿ, ಬರೀ ಗಂಜಿ ತಿಳಿ ಕೊಡಿ. ಇಳೀತಾಳೆ."

ದೇವೀರಮ್ಮ ಅದನ್ನು ಬಲಗಿವಿಯಲ್ಲಿ ಕೇಳಿಸಿಕೊಂಡಳು. ಅವಳ ಕೈ ತಾನಾಗಿಯೇ ಹತ್ತಿರದ ಕಂಬ ಹಿಡಿಯಿತು, ಹಿಂದೆ ಗೋಡೆ ಹಿಡಿಯುತ್ತಿದ್ದಳಲ್ಲ, ಹಾಗೆ. ಏಳು ತಿಂಗಳು ಅವಳು ಏನನ್ನೂ ಹಿಡಿಯದೆ ನಡೆದಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ. ನಾನು ಹೋಗಿ ತಟ್ಟೆ ಹತ್ತಿದೆ.

"ಇಳೀರಿ" ಅಂದಳು. "ರೀ, ಇಳೀರಿ ಕೆಳಗೆ. ಗೌಡ್ರೇ, ಅವರಿಗೆ ಕೈ ಬರಲ್ಲ, ಸೂಜಿ ಬಿಟ್ರೆ ಏನೂ ಗೊತ್ತಿಲ್ಲ ಅವರಿಗೆ."

ಯಾರೂ ಅವಳ ಕಡೆ ನೋಡಲಿಲ್ಲ. ಎಲ್ಲರ ಕಣ್ಣೂ ಮುಳ್ಳಿನ ಮೇಲಿತ್ತು. ಅದು ಒಂದಿಷ್ಟೇ ವಾಲಿತ್ತು. ಸೊಂಟದ ಕತ್ತರಿ ತೆಗೆದು ಕೆಳಗೆ ಕೊಟ್ಟೆ. ಕೊರಳಿನ ಟೇಪು ಕೊಟ್ಟೆ. ಅಂಗಿ ಬಿಚ್ಚಿ ಕೊಟ್ಟೆ. ನನ್ನ ಪಕ್ಕೆಲುಬುಗಳು ನನಗೇ ಹೊಸದಾಗಿ ಕಂಡವು.

"ಒಂದು ಕಿಲೋ ಹೆಚ್ಚಿದೆ ಅಷ್ಟೇ" ಅಂದರು ಆಚೆಯ ಹಿರಿಯರು. "ಹತ್ತು ದಿನ ಬೇಕಾದಷ್ಟಾಯ್ತು."

ಜನ ಕೈತಟ್ಟಿದರು. ನಮ್ಮೂರಿಗೆ ಸೈನ್ಯ ಸಿಕ್ಕಿತ್ತು. ಡಬ್ಬಿ ಕೆರೆ ಸೇರಿತು, ನೂರ ಮೂವತ್ಮೂರು ಜನ ಮನೆಗೆ ಹೋಗಿ ಸಮವಸ್ತ್ರ ಮಡಿಸಿಟ್ಟರು. ಹೋಗುವಾಗ ಗೌಡರು ಬಂದು ಬರಿ ಬೆನ್ನಿನ ಮೇಲೆ ಕೈಯಾಡಿಸಿ, "ಪುಣ್ಯಾತ್ಮ" ಅಂದರು. ವೀರಾಚಾರಿ ಮಾತ್ರ ನನ್ನ ಮುಖ ನೋಡದೆ, ಸನ್ನೆಕೋಲಿಗೆ ಎಣ್ಣೆ ಬಿಡಬೇಕು ಎಂದು ಗಾಡಿಯ ಹಿಂದೆಯೇ ಹೋದ.

ದಾರಿಯುದ್ದಕ್ಕೂ ದೇವೀರಮ್ಮ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಮನೆಗೆ ಬಂದು ಅವಳ ಹಳೆಯ ಸಮವಸ್ತ್ರ ತೆಗೆದೆ, ಗುಂಡಿಯಿಲ್ಲದ್ದು, ಜೇಬಿಲ್ಲದ್ದು. ಹೆಗಲಲ್ಲಿ ಅರ್ಧ ಇಂಚು ಬಿಟ್ಟುಕೊಂಡರೆ ನನಗೆ ಆಗುತ್ತಿತ್ತು. ಅವಳು ಒಲೆ ಹಚ್ಚಿ ಒಂದೇ ಮುದ್ದೆ ಕಟ್ಟಿದಳು, ತಟ್ಟೆಗೆ ಹಾಕಿದಳು. ನನ್ನ ಪೆಟ್ಟಿಗೆಯಿಂದ ಒಂದು ಎಳೆ ದಾರ ತೆಗೆದು ತೊಳೆದು, ಮುದ್ದೆಯ ಮೇಲಿಟ್ಟು ಎಳೆದಳು. ನಾನು ಕಲಿಸಿರಲಿಲ್ಲ, ನೋಡಿ ನೋಡಿ ಬಂದಿತ್ತು. ನೇರ ಎರಡು ಪಾಲಾಯಿತು. ಒಂದನ್ನು ನನ್ನ ಕಡೆ ಸರಿಸಿದಳು. ನನ್ನ ಕೈ ಅಭ್ಯಾಸಬಲದಿಂದ ಜಾಡಿಯ ಕಡೆ ಹೋಯಿತು.

"ಉಪ್ಪಿನಕಾಯಿ ಬೇಡ" ಅಂದಳು. "ನೀರು ಕುಡಿಸುತ್ತೆ."

ಉಳಿದ ಅರ್ಧವನ್ನು ಎತ್ತಿಕೊಂಡು ಹಿತ್ತಲಿನ ಕಡೆ ಹೊರಟಳು.

"ದೇವೀರಿ, ಇಲ್ಲೇ ಕೂತ್ಕೋ. ನನ್ನ ಎದುರಿಗೇ ತಿನ್ನು" ಅಂದೆ.

ಬಾಗಿಲಿನಿಂದಲೇ ತಿರುಗಿ ಬಂದು ಕೂತಳು. ಒಂದು ತುತ್ತು ಮುರಿದು ಬಾಯಿಗಿಟ್ಟಳು, ಇನ್ನೊಂದು ಮುರಿದಳು. ಕಣ್ಣೀರು ಗಲ್ಲದಿಂದ ಇಳಿದು ತಟ್ಟೆಗೆ ಬೀಳುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ, ತಿನ್ನುವುದನ್ನು ನಿಲ್ಲಿಸಲೂ ಇಲ್ಲ. ಸೈನ್ಯ ತನ್ನ ಅರ್ಧ ಮುದ್ದೆಯ ಮುಂದೆ ಕೂತು ನೋಡುತ್ತಿತ್ತು.